ಮೂರು ವರ್ಷದ ನೆನಪು, ಅರವತ್ತು ವರ್ಷದ ತೆಂಗು

ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 2025ರಲ್ಲಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿ ಇನ್ನೂ ಮೇಲೆ ಹತ್ತಿದ್ದೇ ತಡ, ನಮ್ಮ ಕಡೆ ರಾಗಿ ಹೊಲಗಳಲ್ಲಿ ತೆಂಗಿನ ಗುಂಡಿ ಬಿದ್ದವು. ಗುಬ್ಬಿ ದಾರಿಯಲ್ಲಿ, ಕುಣಿಗಲ್ ದಾರಿಯಲ್ಲಿ, ಇತ್ತ ಹಿರೇಹಳ್ಳಿ ಸುತ್ತಮುತ್ತ, ಹುರುಳಿ ಚೆಲ್ಲುತ್ತಿದ್ದ ಕಲ್ಲುನೆಲದಲ್ಲೂ ಜೆಸಿಬಿ ನಿಂತಿತ್ತು. ಸಸಿಗೆ ನರ್ಸರಿಯವರು ಹೇಳಿದ್ದೇ ರೇಟು. "ನೀರಿಗೇನು ಮಾಡ್ತೀಯಪ್ಪ?" ಅಂತ ಕೇಳಿದರೆ, "ಒಂದು ಬೋರ್ ಹಾಕ್ಸಿದ್ರಾಯ್ತು ಬಿಡಣ್ಣ, ಒಂದು ವರ್ಷದ ಕಾಯಲ್ಲಿ ಬೋರಿನ ಸಾಲ ತೀರ್ತದೆ" ಅನ್ನೋ ಉತ್ತರ.

ಇದೇ ಜನ 2023ರಲ್ಲಿ ಏನಂದಿದ್ದರು ಅಂತ ನನಗೆ ಚೆನ್ನಾಗಿ ನೆನಪಿದೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಎಂಟು ಸಾವಿರದ ಆಸುಪಾಸು. 2024ರ ಆರಂಭದಲ್ಲಿ ನ್ಯಾಫೆಡ್ ಖರೀದಿಗೆ ಹೆಸರು ಬರೆಸಲು ಊರಿಗೆ ಊರೇ ಸಾಲು ನಿಂತಿತ್ತು. ಆಗ ಅರಳಿಕಟ್ಟೆಯ ತೀರ್ಮಾನ ಏನಪ್ಪಾ ಅಂದರೆ, "ತೆಂಗು ಮುಗೀತು. ಇನ್ನೇನಿದ್ರೂ ಅಡಿಕೆ." ತೆಂಗಿನ ಮರ ಕಡಿಸಿ ಇಟ್ಟಿಗೆ ಗೂಡಿಗೆ ಸೌದೆ ಮಾರಿದವರೂ ಇದ್ದಾರೆ. ಎರಡೇ ವರ್ಷದಲ್ಲಿ ತೀರ್ಮಾನ ತಿರುಗಿಬಿತ್ತು. "ಇನ್ನು ತೆಂಗು ಇಳಿಯೋ ಮಾತೇ ಇಲ್ಲ" ಅಂತ.

ನನಗೆ ಅನ್ನಿಸೋದು, ಈ ಎರಡು ತೀರ್ಮಾನಗಳೂ ಒಂದೇ ರೀತಿ ಹುಟ್ಟಿದವು. ತೋಟಕ್ಕೆ ಸಾಲು ಹಾಕುವಾಗ ಎರಡು ಗೂಟ ಹೊಡೆದು ಹಗ್ಗ ಎಳೀತೀವಲ್ಲ, ಹಾಗೆ. ಹೋದ ವರ್ಷ ಒಂದು ಗೂಟ, ಈ ವರ್ಷ ಒಂದು ಗೂಟ, ಹಗ್ಗ ಎಳೆದು ಹತ್ತು ವರ್ಷದಾಚೆವರೆಗೂ ನೆಟ್ಟಗೆ ಹೋಗುತ್ತೆ ಅಂತ ನಂಬೋದು. ನೆಲದ ಮೇಲೆ ಹಗ್ಗ ನೆಟ್ಟಗೆ ಹೋಗುತ್ತೆ. ರೇಟು ಹಾಗೆ ಹೋಗಿದ್ದನ್ನ ನಾನು ನೋಡಿಲ್ಲ.

ತೆಂಗು ಅಂದರೆ ಮೂರು ತಿಂಗಳ ಟೊಮ್ಯಾಟೊ ಅಲ್ಲ ಸ್ವಾಮಿ. ನಾಟಿ ತಳಿ ಇವತ್ತು ನೆಟ್ಟರೆ ಹೊಂಬಾಳೆ ಒಡೆಯೋಕೆ ಆರೇಳು ವರ್ಷ ಬೇಕು, ಒಳ್ಳೆ ಫಸಲಿಗೆ ಹತ್ತು ವರ್ಷ. ಆಮೇಲೆ ಐವತ್ತು ಅರವತ್ತು ವರ್ಷ ನಿಲ್ಲುತ್ತೆ. 2025ರ ರೇಟು ನೋಡಿ ನೆಟ್ಟವನಿಗೆ ಬೇಕಾಗಿರೋದು 2035ರ ರೇಟು. ಆ ರೇಟು ಏನಿರುತ್ತೆ ಅಂತ ಹೇಳೋಕೆ ಮೊದಲು, ಈ ರೇಟು ಯಾಕೆ ಬಂತು ಅಂತ ಕೇಳಬೇಕಲ್ಲ? ಬಹಳ ಜನ ಕೇಳಲಿಲ್ಲ. ಕಾರಣ ನಮ್ಮ ಕಣ್ಣೆದುರಿಗೇ ಇತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. 2024ರ ಬೇಸಿಗೆ ಬಿಸಿಲು ನೆನಪಿದೆಯಲ್ಲ. ತೆಂಗಿಗೆ ಬಿದ್ದ ಪೆಟ್ಟು ಅದೇ ವರ್ಷ ಕಾಣೋದಿಲ್ಲ. ಗೊನೆ ಕಟ್ಟಿ ಕಾಯಿ ಬಲಿಯೋಕೇ ಒಂದು ವರ್ಷ, ಆ ಗೊನೆಯ ಮೊಳಕೆ ಮರದ ಸುಳಿಯೊಳಗೆ ಶುರುವಾಗಿರೋದು ಅದಕ್ಕೂ ಎಷ್ಟೋ ಮುಂಚೆ. ಹಾಗಾಗಿ ಬರದ ಲೆಕ್ಕ ಒಂದೆರಡು ವರ್ಷ ತಡವಾಗಿ ಬರುತ್ತೆ. ಜೊತೆಗೆ ಬಿಳಿನೊಣದ ಕಾಟ, ಎಳನೀರಿಗೆ ಹೋದ ಕಾಯಿ. ಎಲ್ಲಾ ಸೇರಿ ಕೊಬ್ಬರಿ ಮಾಡೋಕೆ ಕಾಯೇ ಇಲ್ಲದಂಗಾಯ್ತು, ರೇಟು ಏರ್ತು. ಮಳೆ ಬಂದು ಮರ ಸುಧಾರಿಸಿಕೊಂಡರೆ ಈ ಕಾರಣಗಳಲ್ಲಿ ಮುಖ್ಯವಾದದ್ದು ಹೊರಟುಹೋಗುತ್ತೆ. ಕಾರಣ ಹೋದಮೇಲೆ ರೇಟು ಮಾತ್ರ ಅಲ್ಲೇ ನಿಂತಿರಲಿ ಅಂದರೆ ಹೆಂಗೆ?

ಈ ಆಟ ನಾವು ಒಂದು ಸಲ ವೆನಿಲ್ಲಾದಲ್ಲಿ ನೋಡಿದ್ದೇವೆ. ಮಡಗಾಸ್ಕರ್‌ನಲ್ಲಿ 2000ದಲ್ಲಿ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ತೋಟಗಳು ನೆಲಕಚ್ಚಿದವು. ಜಗತ್ತಿಗೆ ಹೆಚ್ಚಿನ ಪಾಲು ವೆನಿಲ್ಲಾ ಕೊಡುತ್ತಿದ್ದ ದೇಶ ಅದು. ಇಲ್ಲಿ ಮಲೆನಾಡು, ಕರಾವಳಿಯಲ್ಲಿ ಹಸಿ ಕೋಡಿಗೆ 2003ರ ಹೊತ್ತಿಗೆ ಕೆ.ಜಿ.ಗೆ ಮೂರು ಸಾವಿರ ದಾಟಿತು. ಬಳ್ಳಿಯ ತುಂಡಿಗೂ ರೇಟು, ಕೋಡಿಗೆ ರಾತ್ರಿ ಕಾವಲು. ಎಲ್ಲರೂ ನೆಟ್ಟರು. ನೆಟ್ಟ ಬಳ್ಳಿ ಕೋಡು ಬಿಡೋ ಹೊತ್ತಿಗೆ ಮಡಗಾಸ್ಕರ್ ಸುಧಾರಿಸಿಕೊಂಡಿತ್ತು, ಕಂಪನಿಗಳು ಕೃತಕ ಪರಿಮಳಕ್ಕೆ ಹೋಗಿದ್ದವು. ಎರಡು ಮೂರು ವರ್ಷದೊಳಗೆ ಅದೇ ಹಸಿ ಕೋಡು ನೂರು ರೂಪಾಯಿಗೂ ಕಡಿಮೆಗೆ ಬಂತು. ನಮ್ಮದು ಒಣ ಸೀಮೆಯಾದ್ದರಿಂದ ತಪ್ಪಿಸಿಕೊಂಡೆವು, ಬುದ್ಧಿವಂತಿಕೆಯಿಂದೇನಲ್ಲ.

ಅಬ್ಬರವಿಲ್ಲದೆ ಏರುವುದು ಕಣ್ಣಿಗೆ ಬೀಳೋದೂ ಇಲ್ಲ. ರಾಗಿಯ ಬೆಂಬಲ ಬೆಲೆ 2013–14ರಲ್ಲಿ ಕ್ವಿಂಟಾಲಿಗೆ 1,500 ರೂಪಾಯಿ ಇತ್ತು. 2025–26ಕ್ಕೆ 4,886. ಹನ್ನೆರಡು ವರ್ಷದಲ್ಲಿ ಮೂರು ಪಟ್ಟು ದಾಟಿದೆ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2013ರಲ್ಲಿ 5,500 ಇದ್ದದ್ದು 2025ಕ್ಕೆ 12,100 ಆಯಿತು, ಅಂದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಈ ಲೆಕ್ಕವನ್ನ ನಾನು ಹತ್ತು ಜನಕ್ಕೆ ಹೇಳಿದರೆ ಎಂಟು ಜನ ನಂಬೋದಿಲ್ಲ. ರಾಗಿ ಅಂದರೆ "ಯಾವಾಗಲೂ ಅಷ್ಟೇ" ಅನ್ನೋ ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ. ಕೂಲಿ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಏರಿದೆ, ಖರೀದಿಗೆ ಮಿತಿ ಇದೆ, ಅದೂ ನಿಜ. ರಾಗಿಯಿಂದ ಬಂಗಲೆ ಕಟ್ಟಬಹುದು ಅಂತ ನಾನು ಹೇಳ್ತಿಲ್ಲ. ಮೆಲ್ಲಗೆ ಏರೋದನ್ನ ಕಣ್ಣು ಹಿಡಿಯೋದಿಲ್ಲ, ದಡಕ್ಕನೆ ಏರೋದನ್ನ ಅತಿಯಾಗಿ ಹಿಡಿಯುತ್ತೆ, ಅಷ್ಟೇ ನನ್ನ ಮಾತು.

ಬಡ್ಡಿ ಲೆಕ್ಕದಲ್ಲೂ ಹೀಗೇ. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಈ ಒಂದು ಲೆಕ್ಕ ಬಹಳ ಜನರ ಮುಂದೆ ಇಟ್ಟು ನೋಡಿದ್ದೇನೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಸಾವಿರ ರೂಪಾಯಿ ಸಾಲ. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹತ್ತು ವರ್ಷ ಬಿಟ್ಟರೆ ಎಷ್ಟಾಗುತ್ತೆ? ಹೆಚ್ಚಿನವರು ಮೂರು ಸಾವಿರ, ಮೂರೂವರೆ ಸಾವಿರ ಅಂತಾರೆ. ಬಹಳ ಹುಷಾರಿನವರು ಐದು ಅಂತಾರೆ. ಸರಿಯಾದ ಲೆಕ್ಕ ಹತ್ತು ಸಾವಿರದ ಏಳುನೂರು ದಾಟುತ್ತೆ. ಮೂರು ವರ್ಷಕ್ಕೊಮ್ಮೆ ದುಪ್ಪಟ್ಟು. ಡಿಗ್ರಿ ಓದಿದ ಹುಡುಗರೂ ಬಾಯಲ್ಲಿ ಹೇಳು ಅಂದರೆ ನಾಲ್ಕೈದು ಸಾವಿರದಲ್ಲೇ ನಿಲ್ಲುತ್ತಾರೆ. ಮೊದಲು ನಿಧಾನ, ಆಮೇಲೆ ಓಟ, ಇಂಥದ್ದನ್ನ ಊಹಿಸೋಕೆ ಮನುಷ್ಯನ ತಲೆ ಒಗ್ಗಿಲ್ಲ ಅನ್ನಿಸುತ್ತೆ. 2020ರಲ್ಲಿ ಕೊರೋನಾ ಬಂದಾಗ ಮೊದಲ ದಿನಗಳಲ್ಲಿ ಇಡೀ ಜಗತ್ತೇ "ನಾಲ್ಕು ಕೇಸ್ ತಾನೇ" ಅಂದಿತ್ತಲ್ಲ, ಅದೂ ಇದೇ. ತೆಂಗಿನ ಸುರುಳಿಯಾಕಾರದ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿ ಕಡೆ. ನಮ್ಮ ತೋಟಗಳಿಗೆ ಬಂದಾಗಲೂ ನಾಲ್ಕು ಗರಿ ಕಪ್ಪಾದರೆ ಏನಂತೆ ಅಂದರು.

ಇನ್ನು ಮಳೆ. ನಮ್ಮಂಥ ಒಣಬೇಸಾಯದವರಿಗೆ ಎಲ್ಲಾ ಲೆಕ್ಕದ ತಾಯಿ ಇದು.

"ಮೊದಲು ಎಂಥಾ ಮಳೆ ಬರ್ತಿತ್ತು, ಈಗೆಲ್ಲಿ" ಅನ್ನೋ ಮಾತನ್ನ ನಾನು ಹುಡುಗನಾಗಿದ್ದಾಗ ನನ್ನ ಅಜ್ಜನ ಬಾಯಲ್ಲಿ ಕೇಳಿದ್ದೆ. ಅಪ್ಪನ ಬಾಯಲ್ಲಿ ಕೇಳಿದೆ. ಈಗ ನನ್ನ ಓರಗೆಯವರು ಹೇಳ್ತಾರೆ. ಇವರೆಲ್ಲಾ ಹೇಳಿದಂತೆ ತಲೆಮಾರಿನಿಂದ ತಲೆಮಾರಿಗೆ ಮಳೆ ಇಳೀತಾ ಬಂದಿದ್ದರೆ ಇಷ್ಟು ಹೊತ್ತಿಗೆ ತುಮಕೂರು ಜಿಲ್ಲೆ ಮರಳುಗಾಡಾಗಬೇಕಿತ್ತು. ಹಳೇ ಮೈಸೂರು ಸೀಮೆಯನ್ನ ಹಾಳು ಮಾಡಿದ ದೊಡ್ಡ ಬರ ಬಂದದ್ದು 1876ರಿಂದ 78ರವರೆಗೆ. ಅಜ್ಜಂದಿರ 'ಒಳ್ಳೇ ಕಾಲ'ದಲ್ಲೇ. ಆಮೇಲೆ 1965–66ರಲ್ಲಿ, 1972ರಲ್ಲಿ, ಎಂಬತ್ತರ ದಶಕದ ನಡುವೆ, 2001ರಿಂದ 2004ರವರೆಗೆ, 2016ರಲ್ಲಿ, 2018ರಲ್ಲಿ, 2023ರಲ್ಲಿ ಬರ ಕಂಡಿದ್ದೇವೆ. ನಡುವೆ 2022ರಂಥ ವರ್ಷವೂ ಬಂತು, ಕೆರೆಗಳು ಕೋಡಿ ಬಿದ್ದು ರಸ್ತೆ ಕೊಚ್ಚಿಹೋಯಿತು. ಏರಿಳಿತ ಅನ್ನೋದೇ ನಮ್ಮ ಮಳೆಯ ಗುಣ. ಜಿಲ್ಲೆಯ ಸರಾಸರಿ ಆರುನೂರು ಮಿ.ಮೀ. ಚಿಲ್ಲರೆ ಅಂತ ಪುಸ್ತಕ ಹೇಳಿದರೂ ಸರಾಸರಿ ಮಳೆ ಬಂದ ವರ್ಷ ಹುಡುಕಬೇಕಾಗುತ್ತೆ. ಒಂದು ವರ್ಷ ಕೂರಿಗೆ ಆಚೆ ತೆಗೆಯೋ ಹಾಗಿಲ್ಲ, ಮುಂದಿನ ವರ್ಷ ಕಣದಲ್ಲಿ ತೆನೆ ಮೊಳಕೆ.

ಆದರೆ ಜನ ಸುಳ್ಳು ಹೇಳ್ತಾರೆ ಅಂತಲೂ ನಾನು ಹೇಳೋದಿಲ್ಲ. ಅವರು ಕಂಡದ್ದು ನಿಜ, ಅಳೆದದ್ದು ಮಾತ್ರ ಬೇರೆ. ಮಳೆಯನ್ನ ಯಾರೂ ಅಳೀಲಿಲ್ಲ. ಕೆರೆ ನೋಡಿದರು, ಬಾವಿ ನೋಡಿದರು, ಕೆರೆ ತುಂಬಲಿಲ್ಲವಾದ್ದರಿಂದ ಮಳೆ ಕಡಿಮೆಯಾಗಿದೆ ಅಂದರು. ಕೆರೆ ತುಂಬದಿರೋಕೆ ಮಳೆ ಒಂದೇ ಕಾರಣವಾ? ಮೇಲಿನ ಹಳ್ಳಕ್ಕೆಲ್ಲಾ ಚೆಕ್ ಡ್ಯಾಂ ಬಂತು, ಹೊಲಕ್ಕೆ ಬದು ಬಂತು, ರಾಜಕಾಲುವೆ ಒತ್ತುವರಿಯಾಯಿತು, ಕೆರೆಯೊಳಗೆ ಹೂಳು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ನೆಟ್ಟರು. ಹೊಸದಾಗಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಬೋರುಗಳು ನೆಲದಡಿಯ ನೀರು ಎಳೆದ ಮೇಲೆ ಹಳ್ಳದ ಒರತೆ ನಿಂತಿತು. ಮೊದಲು ಒಂದು ಹದ ಮಳೆಗೆ ಹರಿಯುತ್ತಿದ್ದ ಹಳ್ಳ ಈಗ ಮೂರು ಮಳೆಗೂ ಹರಿಯೋದಿಲ್ಲ. ಮಳೆ ಅಷ್ಟೇ ಬಂದರೂ ನಮಗೆ ಸಾಲದು, ಯಾಕಂದರೆ ನಮ್ಮ ನೀರಿನ ಖರ್ಚು ಏರಿದೆ.

ಇದು ನಮ್ಮೊಬ್ಬರ ಕಥೆಯಲ್ಲವಂತೆ. ಇಥಿಯೋಪಿಯಾ ದೇಶದ ಉತ್ತರ ಭಾಗದಲ್ಲಿ ರೈತರೆಲ್ಲಾ ಮಳೆ ಇಳಿಯುತ್ತಾ ಬಂದಿದೆ ಅಂದರು, ಮಳೆಮಾಪಕದ ದಾಖಲೆಯಲ್ಲಿ ಅಂಥ ಇಳಿಕೆ ಕಾಣಲಿಲ್ಲ ಅಂತ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ ಅಂತ ನನ್ನ ಮಗಳು ಓದಿ ಹೇಳಿದಳು. ಅಲ್ಲೂ ಜನ, ದನ, ಬೆಳೆ ಬದಲಾಗಿ ನೀರಿನ ಅಗತ್ಯ ಹೆಚ್ಚಿತ್ತು. ಇದರಿಂದ ಹವಾಮಾನ ಬದಲಾಗಿಲ್ಲ ಅಂತ ಯಾರೂ ಅರ್ಥ ಮಾಡಿಕೊಳ್ಳಬಾರದು. ಸೆಖೆ ಏರಿರೋದು ಥರ್ಮಾಮೀಟರಿಗೇ ಗೊತ್ತು, ದೊಡ್ಡ ಮಳೆ ಒಂದೇ ಏಟಿಗೆ ಸುರಿಯೋದೂ ಗೊತ್ತು. ನನ್ನ ತಕರಾರು ಇಷ್ಟೇ: ರೋಗ ಮಳೆಯದ್ದು ಅಂದುಕೊಂಡರೆ ನಾವು ಆಕಾಶ ನೋಡ್ತಾ ಕೂರ್ತೀವಿ. ರೋಗ ಬೋರಿನದ್ದು ಅಂತ ಗೊತ್ತಾದರೆ ಏನಾದರೂ ಮಾಡಬಹುದು.

ಬೋರಿನ ವಿಷಯದಲ್ಲಿ ಇನ್ನೊಂದು ವಿಚಿತ್ರ ಇದೆ. ನಾನು ಚಿಕ್ಕವನಿದ್ದಾಗ ಕಪಿಲೆ ಬಾವಿ, ಮೂವತ್ತು ನಲವತ್ತು ಅಡಿಯಲ್ಲಿ ನೀರು. ಆಮೇಲೆ ಬೋರು ಬಂತು, ನೂರೈವತ್ತು ಇನ್ನೂರು ಅಡಿಗೆ ಸಾಕಾಗುತ್ತಿತ್ತು. ಇವತ್ತು ಎಂಟುನೂರು, ಸಾವಿರ ಅಡಿ ಅಂದರೆ ಯಾರೂ ಹುಬ್ಬೇರಿಸೋದಿಲ್ಲ. ನನ್ನ ತಮ್ಮನ ಮಗನಿಗೆ ಇಪ್ಪತ್ತಾರು ವರ್ಷ. ಅವನು ಕಣ್ಣು ಬಿಟ್ಟಾಗಲೇ ಬೋರು ಐನೂರು ಅಡಿ. ಅವನ ಪ್ರಕಾರ ಐನೂರೇ ಮಾಮೂಲು, ಸಾವಿರ ಅಂದರೆ "ಸ್ವಲ್ಪ ಜಾಸ್ತಿ". ನನಗೆ ನಲವತ್ತು ಅಡಿ ಮಾಮೂಲು. ನನ್ನಜ್ಜನಿಗೆ ಕೈಯಲ್ಲಿ ಬಗ್ಗಿ ತುಂಬಿಕೊಳ್ಳೋ ತಲಪರಿಗೆ ಮಾಮೂಲು. ಪ್ರತಿಯೊಬ್ಬನೂ ತನ್ನ ಹುಡುಗಾಟದ ವಯಸ್ಸಿನಿಂದಲೇ ಅಳತೆ ಶುರು ಮಾಡುತ್ತಾನೆ. ಹಾಗಾಗಿ ಮೂರು ತಲೆಮಾರಿನಲ್ಲಿ ನೀರು ಪಾತಾಳಕ್ಕೆ ಹೋದರೂ ಯಾವ ಒಂದು ತಲೆಮಾರಿಗೂ ಅದು ಪೂರ್ತಿ ಕಾಣಿಸೋದೇ ಇಲ್ಲ. ಮಳೆಯಲ್ಲಿ ಇಲ್ಲದ ಇಳಿಕೆ ಕಾಣುತ್ತೆ, ನೀರಿನ ಮಟ್ಟದಲ್ಲಿ ಇರೋ ಇಳಿಕೆ ಕಾಣೋದಿಲ್ಲ. 2025ರಲ್ಲಿ ತೆಂಗು ಅಡಿಕೆ ನೆಟ್ಟವರು ಯೋಚಿಸಬೇಕಾದ ಗೆರೆ ರೇಟಿನದ್ದಲ್ಲ, ಈ ಬೋರಿನ ಗೆರೆ. 2012ರಿಂದ 2016ರವರೆಗೆ ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆ ಸುಳಿ ಒಣಗಿ ನಿಂತ ತೆಂಗಿನ ತೋಟಗಳನ್ನ ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ನೋಡಿದ್ದಾರೆ. ಹತ್ತು ವರ್ಷಕ್ಕೆ ಮರೆತುಹೋಯಿತೇ?

ಓದಿದವರಾದರೂ ಸರಿಯಾಗಿ ಹೇಳ್ತಾರಾ ಅಂದರೆ, ಅಲ್ಲೂ ತಮಾಷೆ ಇದೆ. ಭಾರತದ ಹವಾಮಾನ ಇಲಾಖೆ 1988ರಲ್ಲಿ ಹದಿನಾರು ಲಕ್ಷಣ ನೋಡಿ ಮುಂಗಾರು ಹೇಳುವ ಪದ್ಧತಿ ತಂದಿತು. ಹದಿಮೂರು ಹದಿನಾಲ್ಕು ವರ್ಷ "ಈ ಸಲ ಮಾಮೂಲು ಮಳೆ" ಅಂತ ಹೇಳಿದ್ದೆಲ್ಲಾ ಸರಿಹೋಯಿತು. ಪೇಪರಿನವರು ಹೊಗಳಿದರು. 2002ರಲ್ಲಿ ನೂರಕ್ಕೆ 101 ಮಳೆ ಅಂದರು, ಬಂದದ್ದು 81. ಜುಲೈ ತಿಂಗಳು ಇಡೀ ದೇಶ ಒಣಗಿತು. ಆ ಪದ್ಧತಿ ಬಿಟ್ಟು ಬೇರೆ ತಂದರು. 2009ರಲ್ಲಿ 96 ಅಂದರು, ಬಂದದ್ದು 78. ಅವರನ್ನ ಹಂಗಿಸೋಕೆ ಇದನ್ನ ಬರೀತಿಲ್ಲ. 1988ರಿಂದ 2001ರವರೆಗೆ ದೇಶಕ್ಕೆ ಒಟ್ಟಾರೆ ಮಾಮೂಲು ಮಳೆಯೇ ಬಂದಿತ್ತು. ಆ ಹದಿನಾಲ್ಕು ವರ್ಷ ನಮ್ಮೂರ ಕಣಿ ಹೇಳೋನು ಎದ್ದು ನಿಂತು "ಮಾಮೂಲು ಮಳೆ" ಅಂದಿದ್ದರೂ ಅವನ ಹೆಸರೂ ಪೇಪರಿನಲ್ಲಿ ಬರುತ್ತಿತ್ತು. ಒಬ್ಬ ಸರಿಯಾಗಿ ಹೇಳ್ತಾನಾ ಅಂತ ನೋಡಬೇಕಾದ್ದು ಗಾಳಿ ತಿರುಗಿದ ವರ್ಷ. ಆಮೇಲೆ ಇಲಾಖೆಯವರು ಬಹಳ ಸುಧಾರಿಸಿದ್ದಾರೆ, ಅದರಲ್ಲೂ ಮೂರು ನಾಲ್ಕು ದಿನದ ಮುನ್ಸೂಚನೆ. ಔಷಧಿ ಹೊಡೆಯೋಕೆ, ರಾಗಿ ಕೊಯ್ಯೋಕೆ ಅದನ್ನ ನೋಡೇ ನೋಡ್ತೀವಿ. 2021ರ ನವೆಂಬರಿನಲ್ಲಿ ಕೊಯ್ದು ಹಾಕಿದ ರಾಗಿ ಅರಿಯೆಲ್ಲಾ ಮಳೆಗೆ ಸಿಕ್ಕಿ ಕೊಳೆತ ಮೇಲಂತೂ ಮೊಬೈಲಿನಲ್ಲಿ ಮೋಡದ ಚಿತ್ರ ನೋಡದೆ ಕುಡುಗೋಲು ಹಿಡಿಯೋರು ಕಡಿಮೆ.

ಆ 2021ರ ಮಳೆ ಇನ್ನೊಂದು ಪಾಠಕ್ಕೂ ಆಗುತ್ತೆ. ಮುಂದಿನ ವರ್ಷ ನಮ್ಮ ಕಡೆ ಕೆಲವರು "ಇನ್ಮೇಲೆ ನವೆಂಬರಿನಲ್ಲಿ ಮಳೆಯೇ" ಅಂತ ನಿಶ್ಚಯ ಮಾಡಿ ಬಿತ್ತನೆಯನ್ನೇ ಹಿಂದೆ ಮುಂದೆ ಮಾಡಿದರು. ಪೆಟ್ಟು ಎಲ್ಲಿ ಬಿತ್ತೋ ಅಲ್ಲೇ ಕೈ ಹೋಗುತ್ತೆ, ಮನುಷ್ಯನ ಸ್ವಭಾವ. ಒಂದು ವರ್ಷದ ಪೆಟ್ಟು ಹತ್ತು ವರ್ಷದ ದಾಖಲೆಗಿಂತ ಭಾರ ತೂಗುತ್ತೆ.

ಹಾಗಾದರೆ ರೈತನಿಗೆ ಕಾಲದ ಅಂದಾಜೇ ಇಲ್ಲವೇ? ಖಂಡಿತ ಇದೆ, ಇಲ್ಲದಿದ್ದರೆ ಈ ಸೀಮೆಯಲ್ಲಿ ಸಾವಿರ ವರ್ಷ ಬದುಕುತ್ತಲೇ ಇರಲಿಲ್ಲ. ನಮ್ಮದೇ ಜಿಲ್ಲೆಯ ಪಾವಗಡ ಕಡೆಯ ಕಡ್ಲೇಕಾಯಿ ವಿಷಯ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು, ಪಾವಗಡ ತಾಲ್ಲೂಕಿನಲ್ಲೇ ಬೇಸಾಯ ಮಾಡುವ ಶೇಷಗಿರಿರಾವ್ ಅವರು ಮತ್ತು ಜೊತೆಯವರು ಸೇರಿ ಅನಂತಪುರ–ಪಾವಗಡ ಸೀಮೆಯ ಎಷ್ಟೋ ವರ್ಷಗಳ ಮಳೆ ದಾಖಲೆ ಕಂಪ್ಯೂಟರಿಗೆ ಹಾಕಿ, ಯಾವಾಗ ಬಿತ್ತಿದರೆ ಕಾಯಿ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿದರು. 2002ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ರೈತರು ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಅಂದರೆ ಆರಿದ್ರೆಯಿಂದ ಆಶ್ಲೇಷದವರೆಗೆ ಬಿತ್ತುತ್ತಿದ್ದರು. ಲೆಕ್ಕ ಹಾಕಿದಾಗಲೂ ಆ ಕಾಲವೇ ಸರಿ ಅಂತ ಬಂತು. ಅದಕ್ಕೂ ಮೊದಲು ಬಿತ್ತಿದರೆ ಕೈಕೊಡುವ ಸಂಭವ ಜಾಸ್ತಿ. ಯಾವ ಪುಸ್ತಕ ನೋಡಿ ರೈತರು ಆ ಕಾಲ ಹಿಡಿದರು? ಪ್ರತಿ ವರ್ಷ ಬಿತ್ತಿದರು, ನಾಲ್ಕು ತಿಂಗಳಿಗೆ ಉತ್ತರ ಸಿಕ್ಕಿತು. ಪಕ್ಕದ ಹೊಲದವನು ಹತ್ತು ದಿನ ತಡವಾಗಿ ಬಿತ್ತಿದ್ದ, ಅವನದೂ ಕಣ್ಣಿಗೆ ಬಿತ್ತು. ಹೀಗೆ ನೂರು ಹೊಲ, ಮೂವತ್ತು ವರ್ಷ.

ಮಹಬೂಬ್‌ನಗರ, ಅನಂತಪುರ ಜಿಲ್ಲೆಗಳ ರೈತರನ್ನ ಮುಂಗಾರು ಯಾವಾಗ ಹಿಡಿಯುತ್ತೆ ಅಂತ ಕೇಳಿ ಮಳೆ ದಾಖಲೆ ಜೊತೆ ಹೋಲಿಸಿದ ಒಂದು ಅಧ್ಯಯನವೂ ಇದೆ. ಪೆಟ್ಟು ತಾಳಿಕೊಳ್ಳೋ ಶಕ್ತಿ ಕಡಿಮೆ ಇರೋ, ಮಳೆಯನ್ನೇ ನಂಬಿದ ರೈತರ ಅಂದಾಜು ಇತರರಿಗಿಂತ ದಾಖಲೆಗೆ ಹತ್ತಿರ ಇತ್ತಂತೆ. ಓದಿ ನನಗೆ ಸಂತೋಷವಾಯಿತು. ತಪ್ಪಿದರೆ ಹಿಟ್ಟಿಗೆ ತತ್ವಾರ ಆಗೋನು ಗಮನ ಕೊಟ್ಟು ನೋಡ್ತಾನೆ.

ಅದಕ್ಕೇ ನಾನು ಎರಡನ್ನ ಬೇರೆ ಮಾಡಿ ನೋಡಬೇಕು ಅಂತೀನಿ. ಪ್ರತಿ ವರ್ಷ ಮಾಡೋ ಕೆಲಸ, ಅದೇ ವರ್ಷ ಫಲ ಗೊತ್ತಾಗೋ ಕೆಲಸ, ಅದರಲ್ಲಿ ರೈತನ ಅಂದಾಜು ಯಾವ ವಿಜ್ಞಾನಿಗೂ ಕಡಿಮೆಯಿಲ್ಲ. ಹದ ಯಾವಾಗ, ಪುನರ್ವಸುವಿನಲ್ಲಿ ಬಿತ್ತಿದರೆ ಯಾವ ರಾಗಿ, ಮಘೆಗೆ ಹೋದರೆ ಯಾವ ರಾಗಿ, ಅಕ್ಕಡಿಗೆ ಅವರೆಯೋ ತೊಗರಿಯೋ, ಇದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಜೀವಮಾನದಲ್ಲಿ ಒಂದೇ ಸಲ ಮಾಡೋ ಕೆಲಸ, ಹತ್ತು ವರ್ಷ ಕಳೆದು ಫಲ ಗೊತ್ತಾಗೋ ಕೆಲಸ, ತೋಟ ಕಟ್ಟೋದು, ಬೋರು ಹಾಕ್ಸೋದು, ಜಮೀನು ಮಾರೋದು, ಇವುಗಳಲ್ಲಿ ನಮ್ಮ ಅಂದಾಜಿಗೆ ಯಾವ ಪರೀಕ್ಷೆಯೂ ಆಗಿರೋದಿಲ್ಲ. ಆದರೂ ಹದ ನೋಡಿ ಬಿತ್ತೋ ಧೈರ್ಯದಲ್ಲೇ ಬೋರಿಗೂ ಸಾಲ ಮಾಡ್ತೀವಿ. ಸಾಲ ಕೊಡೋರೂ ಹೋದ ವರ್ಷದ ರೇಟು ನೋಡೇ ಕೊಡ್ತಾರೆ. ರೇಟು ನೆತ್ತಿ ಹತ್ತಿದಾಗ ಸಾಲ ಸಲೀಸು, ಬಿದ್ದಾಗ ಬಾಗಿಲು ಹಾಕಿರುತ್ತೆ.

ಇದಕ್ಕೆ ಏನು ಮಾಡಬಹುದು ಅಂದರೆ, ಮೊದಲನೆಯದಾಗಿ ಬರೆದಿಡೋದು. ನಾನು ಮಳೆ ಬರೆದಿಡೋಕೆ ಶುರು ಮಾಡಿ ಬಹಳ ವರ್ಷವಾಯಿತು. ದೊಡ್ಡ ವಿದ್ಯೆಯೇನಲ್ಲ. ನೆಟ್ಟಗಿನ ಗೋಡೆಯ, ಸಮತಟ್ಟಾದ ತಳದ ಡಬ್ಬ, ಮರ ಮನೆ ಅಡ್ಡ ಬರದ ಜಾಗ, ಒಂದು ಸ್ಕೇಲು. ಬೆಳಿಗ್ಗೆ ಎಂಟೂವರೆಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯೋದು. ಒಂದು ಮಿಲಿಮೀಟರ್ ಅಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು. ಇದು ಗೊತ್ತಾದ ಮೇಲೆ ಮಳೆ ನೋಡೋ ಕಣ್ಣೇ ಬದಲಾಗುತ್ತೆ. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ದೊಡ್ಡದು, ಜೂನ್–ಜುಲೈ ಬರೀ ಗಾಳಿ ಮೋಡ ಅನ್ನೋದು ಯಾರ ನೆನಪಿಗಿಂತಲೂ ಕ್ಯಾಲೆಂಡರಿನಲ್ಲಿ ಸ್ಪಷ್ಟ ಕಾಣುತ್ತೆ. ಜೂನ್ ಒಣಗಿದಾಗ ಅರಳಿಕಟ್ಟೆಯಲ್ಲಿ "ಈ ವರ್ಷ ಹೋಯ್ತು" ಅಂದರೆ ನಾನು ಹಳೇ ಕ್ಯಾಲೆಂಡರುಗಳನ್ನ ತೆಗೆದು ತೋರಿಸ್ತೀನಿ. ಜೂನ್ ಒಣಗಿ ಉತ್ತರೆ, ಹಸ್ತ ಸುರಿದ ವರ್ಷಗಳು ಅದರಲ್ಲಿ ಸಿಗುತ್ತವೆ, ಸುರಿಯದ ವರ್ಷಗಳೂ ಸಿಗುತ್ತವೆ.

ಎರಡನೆಯದು, ಊಹೆಯನ್ನೂ ಬರೆದಿಡೋದು. ಇದನ್ನ ಯಾರೂ ಮಾಡೋದಿಲ್ಲ. "ನಾನು ಆಗಲೇ ಹೇಳಿದ್ದೆ" ಅನ್ನೋರಿಗೆ ಊರಲ್ಲಿ ಬರವಿಲ್ಲ. ಯಾವಾಗ, ಏನು ಹೇಳಿದ್ದ ಅನ್ನೋದಕ್ಕೆ ಮಾತ್ರ ದಾಖಲೆ ಇರೋದಿಲ್ಲ. ಯುಗಾದಿ ದಿನ ಪಂಚಾಂಗ ಓದಿಸಿ ಮಳೆ ಎಷ್ಟು ಕೊಳಗ ಅಂತ ಕೇಳ್ತೀವಿ. ದೀಪಾವಳಿಗೆ ಅದನ್ನ ತೆಗೆದು ನೋಡಿದವರು ಯಾರು? ಪಂಚಾಂಗವಾಗಲಿ, ಇಲಾಖೆಯಾಗಲಿ, ಮಂಡಿ ಸಾಹುಕಾರನಾಗಲಿ, ತೋಟ ಮಾಡು ಅಂತ ಕಿವಿಯೂದೋ ಸಸಿ ವ್ಯಾಪಾರಿಯಾಗಲಿ, ಎಲ್ಲರ ಮಾತೂ ಒಂದೇ ಪುಸ್ತಕದಲ್ಲಿ ತಾರೀಖು ಸಮೇತ ಇರಲಿ. ನಾಲ್ಕು ವರ್ಷಕ್ಕೆ ಯಾರ ಮಾತಿಗೆ ಎಷ್ಟು ಬೆಲೆ ಅಂತ ತಾನೇ ಗೊತ್ತಾಗುತ್ತೆ.

ಮೂರನೆಯದು ಊರಿನ ಕೆಲಸ. ನಮ್ಮ ರಾಜ್ಯದಲ್ಲಿ ಬರದ ಮೇಲೆ ಕಣ್ಣಿಡೋಕೆ ಅಂತಲೇ 1988ರಲ್ಲಿ ಒಂದು ಘಟಕ ಶುರುವಾಯಿತು, ದೇಶದಲ್ಲೇ ಮೊದಲು. ಅದು ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ತಾನಾಗಿ ಅಳೆಯೋ ಮಳೆಮಾಪಕ ಹಾಕಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತೆ. ಅಳೆದದ್ದು ನಮ್ಮೂರ ಮಳೆ, ಲೆಕ್ಕ ಇರೋದು ಬೆಂಗಳೂರಿನಲ್ಲಿ. ಕೇಳಿದರೆ ಕೊಡ್ತಾರೆ, ಇಲ್ಲ ಅಂತ ಅಲ್ಲ. ಆದರೆ ಕೇಳೋರು ಯಾರು? ಹಾಲಿನ ಡೇರಿ ಗೋಡೆ ಮೇಲೆ ಫ್ಯಾಟ್ ಲೆಕ್ಕ ಬರೆಯೋ ಹಾಗೆ ಪಂಚಾಯ್ತಿ ಗೋಡೆ ಮೇಲೆ ವರ್ಷವರ್ಷದ ಮಳೆ, ಆ ವರ್ಷ ಊರಲ್ಲಿ ಬಿದ್ದ ಬೋರಿನ ಸರಾಸರಿ ಆಳ, ರಾಗಿ, ಕೊಬ್ಬರಿ, ಹುಣಸೆಹಣ್ಣಿನ ಸಂಕ್ರಾಂತಿ ರೇಟು, ಇಷ್ಟನ್ನ ಬಣ್ಣದಲ್ಲಿ ಬರೆಸಬೇಕು. ಇಪ್ಪತ್ತು ಸಾಲು. ಬೋರು ಹಾಕ್ಸೋನು ಅದರ ಮುಂದೆ ನಿಂತು ಬೀಡಿ ಸೇದಿ ಆಮೇಲೆ ತೀರ್ಮಾನ ಮಾಡಲಿ. ಹಾಕಬೇಡ ಅಂತ ಯಾರೂ ಹೇಳೋದು ಬೇಡ.

ನಮ್ಮ ಕಡೆ ನಾಲ್ಕೈದು ಜನ ಸೇರಿ ಇದಕ್ಕೆ ಕೈಹಾಕಿದ್ದೇವೆ. ಮಳೆ ಲೆಕ್ಕ ತರಿಸೋದು ಸುಲಭ. ಬೋರಿನ ಆಳಕ್ಕೆ ಲಾರಿಯವರು ಕೊಟ್ಟ ಬಿಲ್ಲು ಮನೆಮನೆಗೆ ಹೋಗಿ ಹುಡುಕಬೇಕು. ಕಷ್ಟ ಅಂದರೆ ಹಳೇ ರೇಟು. 2000ಕ್ಕಿಂತ ಹಿಂದಿನ ತಿಪಟೂರು, ತುಮಕೂರು ಮಂಡಿ ಚೀಟಿಗಳು, ಅಪ್ಪ ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಇಲಿ ತಿನ್ನೋಕೆ ಮುಂಚೆ ಒಂದು ಪ್ರತಿ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ತಾರೀಖು, ತೂಕ, ರೇಟು ಕಂಡರೆ ಸಾಕು, ಹೆಸರು ಬೇಕಾದರೆ ಮುಚ್ಚಿ. ಅಂಚೆ ಖರ್ಚು ನಾವು ಕೊಡ್ತೀವಿ.